ಸ್ಟ್ಯಾನ್ಲಿ ಬಿಟ್ಟ ಒಂದು ನಿಮಿಷ

19 ಆಗಸ್ಟ್ 1992, ಬುಧವಾರ

ಬೆಳಿಗ್ಗೆ ಹತ್ತೂಕಾಲಿಗೆ ಮಸ್ಕತ್ತಿನ ಘಾಲಾದಲ್ಲಿರುವ ನಮ್ಮ ಕಂಪನಿಯ ಗೋದಾಮಿಗೆ ಮಂಗಳೂರಿನಿಂದ ಫೋನ್. ತಮ್ಮ ಸ್ಟ್ಯಾನ್ಲಿ ನಿನ್ನೆ ಸಂಜೆ ತೀರಿಕೊಂಡ. ಮಲೇರಿಯಾ ತಲೆಗೇರಿತ್ತಂತೆ. ಆರು ದಿನದ ಜ್ವರ. ಅವನಿಗೆ ಮೂವತ್ತೊಂಬತ್ತು.

ಫೋನ್ ಬರುವಾಗ ನಾನು ಫ್ಯಾನ್ ಬೆಲ್ಟ್ ಎಣಿಸುತ್ತಿದ್ದೆ. ಫೋನ್ ಇಟ್ಟ ಮೇಲೆ ಲೆಕ್ಕ ಮರೆತುಹೋಗಿತ್ತು. ಮೊದಲಿನಿಂದ ಎಣಿಸಿದೆ. ಇನ್ನೂರ ಹದಿನಾಲ್ಕು. ಪುಸ್ತಕದಲ್ಲೂ ಅಷ್ಟೇ ಇತ್ತು.

ಮಣ್ಣು ಮಾಡುವುದು ನಾಳೆ. ರಜೆಗೆ ಅರ್ಜಿ ಕೊಟ್ಟೆ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿದೆ, ಕಪಾಟಿನ ಕೀಲಿ ಮ್ಯಾನೇಜರನ ಹತ್ತಿರ, ಮ್ಯಾನೇಜರ್ ದೂರದ ಇಬ್ರಿ ಊರಿನಲ್ಲಿ. ಆಫೀಸಿನ ಮೈಮುನಾ ಅಲ್ಲಿಗೆ ಎರಡು ಸಲ ಫೋನ್ ಮಾಡಿದಳು. ಮನೆಗೆ ಬಂದು ಹೆಂಡತಿ ತೆರೇಸಾಳಿಗೆ ಹೇಳಿದೆ. ಅವಳು ಅತ್ತಳು. ನಾನು ಬುತ್ತಿ ಪಾತ್ರೆ ತೊಳೆದಿಟ್ಟೆ.

22 ಆಗಸ್ಟ್, ಶನಿವಾರ

ಮೈಮುನಾ ಬಲೂಚಿ ಹೆಂಗಸು, ನಮ್ಮ ಜತೆ ಹಿಂದಿಯಲ್ಲೇ ಮಾತಾಡುತ್ತಾಳೆ. ಬೆಳಿಗ್ಗೆ ತಾನೇ ಗೋದಾಮಿನವರೆಗೆ ನಡೆದು ಬಂದು ರಜೆಚೀಟಿ, ಪಾಸ್‌ಪೋರ್ಟ್ ಎರಡನ್ನೂ ನನ್ನ ಮೇಜಿನ ಮೇಲಿಟ್ಟಳು. "ಖಲಾಸ್, ಸೈನ್ ಹೋ ಗಯಾ. ಆಜ್ ಹೀ ಜಾವೋ," ಎಂದಳು. ಸಹಿ ಆಗಿದೆ, ಇವತ್ತೇ ಹೋಗಬಹುದು.

ಮಣ್ಣು ಮೊನ್ನೆಯೇ ಆಗಿದೆ. ಏಳನೇ ದಿನದ ಪೂಜೆಗೆ ಮುಟ್ಟಬಹುದಿತ್ತು. ನಾನು ಅವಳಿಗೆ ಶುಕ್ರಾನ್ ಎಂದು ಕೃತಜ್ಞತೆ ಹೇಳಿ, ಪಾಸ್‌ಪೋರ್ಟನ್ನು ವಾಪಸ್ ಕೊಟ್ಟು, ಚೀಟಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬ್ರೇಕ್ ಪ್ಯಾಡಿನ ಲೋಡು ಬಂತು.

28 ಆಗಸ್ಟ್, ಶುಕ್ರವಾರ

ರುವಿ ಚರ್ಚಿನಲ್ಲಿ ಬೆಳಗಿನ ಪೂಜೆ. ಆಮೇಲೆ ನಮ್ಮ ಗ್ಯಾಂಗು ಮನೆಗೆ ಬಂತು. ಹಿಂದಿನ ಶುಕ್ರವಾರ ಬಂದಿರಲಿಲ್ಲ. ಪ್ರತಿ ಶುಕ್ರವಾರ ಬೆಲ್ ಒತ್ತದೆ ಒಳಗೆ ನುಗ್ಗುವವರು ಇವತ್ತು ಚಪ್ಪಲಿ ಬಿಟ್ಟು ಸಾಲಾಗಿ ನಿಂತಿದ್ದರು. ವಾಲ್ಟರ್, ಪ್ರೇಮನಾಥ, ಕೊಗ್ಗಣ್ಣ.

ಈ ಮೂವರ ಬಗ್ಗೆ ನಾನು ಇಷ್ಟು ವರ್ಷ ಒಂದು ಸಾಲೂ ಬರೆದಿಲ್ಲ. ಬರೆಯುವಂಥದ್ದು ಏನೂ ಇಲ್ಲ ಎಂದುಕೊಂಡಿದ್ದೆ. ವಾಲ್ಟರ್ ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ, ಮಂಗಳೂರಿನ ಗುಡ್ಡೆ ಕಾಲೇಜಿನಲ್ಲಿ ಓದಿದವನು. ಪ್ರೇಮನಾಥ ಗ್ಯಾರೇಜಿನ ಮೇಸ್ತ್ರಿ, ಬಂದರು ಕಾಲೇಜಿನವನು. ಕಾಲೇಜು ಬಿಟ್ಟು ಇಪ್ಪತ್ತು ವರ್ಷವಾದರೂ ಇಬ್ಬರಿಗೂ ತಮ್ಮ ತಮ್ಮ ಕಾಲೇಜಿನ ಫುಟ್‌ಬಾಲ್ ತಂಡವೆಂದರೆ ಪ್ರಾಣ. ಕೊಗ್ಗಣ್ಣ ಕಂಪನಿ ಬಸ್ಸಿನ ಡ್ರೈವರ್, ಐವತ್ತೈದು ದಾಟಿದೆ. ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ, ಆದರೆ ಎಲ್ಲರಿಗಿಂತ ದೊಡ್ಡ ಗಂಟಲು ಅವರದೇ. ನಮ್ಮ ಅಡುಗೆಮನೆ ಬಾಗಿಲ ಹಿಂದೆ ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಎಂಟು ಕಾಲೇಜು ತಂಡಗಳ ಹೆಸರು ಬರೆದು ಅಂಟಿಸಿದೆ. ಯಾರು ಒಂದನೆಯವರು, ಯಾರು ಎಂಟನೆಯವರು ಎಂದು ಶುಕ್ರವಾರ ಕೈಯೆತ್ತಿ ತೀರ್ಮಾನವಾಗುತ್ತದೆ. ಅಷ್ಟು ದೂರದ ಮೈದಾನದಲ್ಲಿ ಮಳೆಗಾಲದಲ್ಲಿ ನಡೆಯುವ ಆಟಕ್ಕೆ ಈ ಸುಡುಬಿಸಿಲಿನ ಊರಿನಲ್ಲಿ ನಂಬರು ಕೊಡುವ ಅಧಿಕಾರವನ್ನು ಇವರಿಗೆ ಯಾರು ಕೊಟ್ಟರೋ ನನಗೆ ತಿಳಿಯದು.

ಆಟ ನೋಡದೆ ಜಗಳ ಮಾಡುವುದು ಹೇಗೆ? ಅದಕ್ಕೆ ಸ್ಟ್ಯಾನ್ಲಿ ಇದ್ದ. ಎಂಬತ್ತಮೂರರಿಂದ ಪ್ರತಿ ದೊಡ್ಡ ಪಂದ್ಯಕ್ಕೂ ಒಂದು ಟೂ-ಇನ್-ಒನ್ ಕಂಕುಳಲ್ಲಿಟ್ಟುಕೊಂಡು, ಕೊಡೆ ಹಿಡಿದು, ಗೋಲಿನ ಪಕ್ಕ ನಿಂತು ರೇಡಿಯೋದವರ ಹಾಗೆ ಕಾಮೆಂಟರಿ ಹೇಳಿ ಕ್ಯಾಸೆಟ್ಟಿನಲ್ಲಿ ತುಂಬಿಸಿ ರಜೆ ಮುಗಿಸಿ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಅದೂ ಕನ್ನಡದಲ್ಲಿ, ನಮ್ಮದೂ ವಾಲ್ಟರನದೂ ಕೊಂಕಣಿ, ಉಳಿದಿಬ್ಬರದು ತುಳು, ಯಾರಿಗೂ ಬೇಸರ ಬೇಡವೆಂದು. ರೆಫರಿಯ ತೀರ್ಪಿಗೆ ಮೈದಾನದಲ್ಲಿ ಗಲಾಟೆ ಎದ್ದ ಕೂಡಲೇ ಅವನು, "ಈಗ ಮಸ್ಕತ್ತಿನವರು ಹೇಳಿ," ಎಂದು ಮೈಕಿನ ಮೇಲೆ ಅಂಗೈ ಮುಚ್ಚಿ ಸರಿಯಾಗಿ ಒಂದು ನಿಮಿಷ ಸುಮ್ಮನಾಗುತ್ತಿದ್ದ. ಆ ಒಂದು ನಿಮಿಷ ನಮ್ಮದು. ಇಲ್ಲಿ ಟೇಪು ನಿಲ್ಲಿಸಿ ಇವರು ಗಂಟೆಗಟ್ಟಲೆ ಕಚ್ಚಾಡಿ ಒಂದು ತೀರ್ಪಿಗೆ ಬರಬೇಕು; ನಾನು ರೆಕಾರ್ಡ್ ಒತ್ತಬೇಕು; ವಾಲ್ಟರ್ ತೀರ್ಪನ್ನು ಆ ಖಾಲಿ ಜಾಗದಲ್ಲಿ ಹೇಳಬೇಕು; ನಾನು ವಾಚು ನೋಡಿ ನಿಮಿಷ ಮುಗಿಯುವ ಮೊದಲೇ ನಿಲ್ಲಿಸಬೇಕು. ಆಮೇಲೆ ಮುಂದಕ್ಕೆ ಹಾಕಿದರೆ ಸ್ಟ್ಯಾನ್ಲಿ ಮತ್ತೆ ಬರುತ್ತಿದ್ದ: "ಆಯ್ತಾ ನಿಮ್ಮ ಬೊಬ್ಬೆ? ಪಿಯುಸಣ್ಣ ಎಂತ ಹೇಳ್ತಾನೆ? ಅವ ಎಂತದೂ ಹೇಳುದಿಲ್ಲ, ನನಗೆ ಗೊತ್ತುಂಟು. ಸರಿ, ಆಟ ನೋಡುವ." ಪಿಯುಸಣ್ಣ ಎಂದರೆ ನಾನು. ಪ್ರತಿ ಸಲವೂ ಅದೇ ಮಾತು, ಪ್ರತಿ ಸಲವೂ ಇವರೆಲ್ಲ ನನ್ನ ಕಡೆ ನೋಡಿ ನಗುವುದು.

ಕ್ಯಾಸೆಟ್ ಇದ್ದದ್ದು ಎರಡೇ. ಒಂದು ಇಲ್ಲಿ, ಒಂದು ಅಲ್ಲಿ. ನಾವು ವಾಪಸ್ ಕಳಿಸಿದ್ದರಲ್ಲಿ ನಮ್ಮ ತೀರ್ಪು ಕೇಳಿದ ಮೇಲೆ ಸ್ಟ್ಯಾನ್ಲಿ ಅದರ ಮೇಲೆಯೇ ಮುಂದಿನ ಆಟ ತುಂಬಿಸುತ್ತಿದ್ದ.

ಇವತ್ತು ತೆರೇಸಾ ಚಹಾ ಕೊಟ್ಟಳು. ವಾಲ್ಟರ್, "ಮಣ್ಣಿಗೆ ಸಹ ಬಿಡ್ಲಿಲ್ಲ ಅಲ್ಲ ಮಾರಾಯ ನಿನ್ನನ್ನು. ಆ ಮ್ಯಾನೇಜರಿಗೆ ಎದೆ ಅಂತ ಉಂಟಾ?" ಎಂದ. ಪ್ರೇಮನಾಥ, "ಇವರಿಗೆಲ್ಲ ನಮ್ಮ ಪಾಸ್‌ಪೋರ್ಟ್ ಒಂದು ಆಟದ ಸಾಮಾನು," ಎಂದ. ನಾನು ಚಹಾ ಕುಡಿದೆ.

ಕಾಲು ಗಂಟೆ ಹೀಗೇ ಹೋಯಿತು. ಆಮೇಲೆ ಕೊಗ್ಗಣ್ಣ ಮೆಲ್ಲ, ಚರ್ಚಿನಲ್ಲಿ ಮಾತಾಡುವ ಹಾಗೆ, "ಎಂಟನೇ ತಾರೀಕಿನ ಫೈನಲ್, ಲಾಸ್ಟಿಗೆ ಪೆನಾಲ್ಟಿ ಕೊಟ್ಟದ್ದಂತೆ," ಎಂದರು. ಒಂದೊಂದು ಗೋಲಾಗಿದ್ದಾಗ ಬಂದರಿನ ಹುಡುಗ ಗೋಲಿನ ಮುಂದೆ ಬಿದ್ದ, ರೆಫರಿ ಪೆನಾಲ್ಟಿ ಕೊಟ್ಟ, ಬಂದರು ಕಾಲೇಜು ಎರಡು-ಒಂದರಲ್ಲಿ ಗೆದ್ದಿತು. ವಾಲ್ಟರನಿಗೆ ಬಂದ ಪತ್ರದಲ್ಲಿ, ಹುಡುಗ ಕೆಸರಿನಲ್ಲಿ ಜಾರಿದ ಎಂದಿದೆ. ಪ್ರೇಮನಾಥನಿಗೆ ಬಂದದ್ದರಲ್ಲಿ ಕಾಲು ಕೊಟ್ಟು ಬೀಳಿಸಿದರು ಎಂದಿದೆ. ಇಬ್ಬರೂ ನನ್ನನ್ನು ನೋಡಿ, ನಾಚಿ, ಪಿಸುಮಾತಿನಲ್ಲೇ ಅರ್ಧ ಗಂಟೆ ಜಗಳವಾಡಿದರು. ನನಗೆ ಸಿಟ್ಟು ಬರಲಿಲ್ಲ.

6 ಸೆಪ್ಟೆಂಬರ್, ಭಾನುವಾರ

ಸಾರಿಗೆ ಉಪ್ಪೇ ಹಾಕಿರಲಿಲ್ಲವಂತೆ. ನಾನು ಎರಡು ಸಲ ಬಡಿಸಿಕೊಂಡೆನಂತೆ. ತೆರೇಸಾ ಹೇಳಿದಳು.

11 ಸೆಪ್ಟೆಂಬರ್, ಶುಕ್ರವಾರ

ಪ್ರೇಮನಾಥನ ಹೆಂಡತಿ ಉಮಾವತಿ ನಿನ್ನೆ ಊರಿನಿಂದ ಬಂದಳು. ಇವತ್ತು ಇಬ್ಬರೂ ಮನೆಗೆ ಬಂದರು. ಹಪ್ಪಳದ ಕಟ್ಟು, ಉಪ್ಪಿನಕಾಯಿ, ಎಲ್ಲವನ್ನೂ ತೆರೇಸಾಳ ಕೈಗೆ ಕೊಟ್ಟು, ಕೊನೆಗೆ ಪರ್ಸಿನಿಂದ ಕರ್ಚೀಫಿನಲ್ಲಿ ಸುತ್ತಿದ ಕ್ಯಾಸೆಟ್ ತೆಗೆದಳು.

"ಸ್ಟ್ಯಾನ್ಲಿಯಣ್ಣ ಫೈನಲ್ ಮುಗಿದ ಮರುದಿನವೇ ಸ್ಕೂಟರಲ್ಲಿ ಬಂದು ಕೊಟ್ಟು ಹೋದರು ಪಿಯುಸಣ್ಣ. ಒಳಗೆ ಬನ್ನಿ ಅಂದ್ರೆ ಮಳೆಗೆ ಚಂಡಿ ಆಗಿದ್ದೇನೆ ಅಂತ ಹೊರಗೇ ನಿಂತ್ರು. ಸ್ವಲ್ಪ ಶೀತ ಆಗಿತ್ತು, ಅಷ್ಟೇ," ಎಂದಳು. ಕರ್ಚೀಫನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು.

ಬಿಳಿ ಲೇಬಲಿನ ಮೇಲೆ ಹಳೆಯ ಹೆಸರುಗಳನ್ನು ಹೊಡೆದು ಹಾಕಿ ಹಾಕಿ ಜಾಗವೇ ಇಲ್ಲ. ಮೂಲೆಯಲ್ಲಿ ಸಣ್ಣದಾಗಿ 'ಗುಡ್ಡೆ–ಬಂದರು, ಫೈನಲ್' ಎಂದು ಬರೆದಿದ್ದಾನೆ.

ಇನ್ನೊಂದು ಕ್ಯಾಸೆಟ್ ನಮ್ಮಲ್ಲೇ ಇತ್ತು. ಜುಲೈಯಲ್ಲಿ ತೆರೇಸಾ ಅದರಲ್ಲಿ ಚರ್ಚಿನ ಕೊಯರಿನ ಹಾಡು ತುಂಬಿಸಿದ್ದಾಳೆ, ನನ್ನನ್ನು ಕೇಳಿಯೇ. ಒಂಬತ್ತು ವರ್ಷ ಅವನು ಮಾತಾಡಿದ್ದರಲ್ಲಿ ಈಗ ಇರುವುದು ಇದೊಂದೇ.

ಪ್ರೇಮನಾಥ ಮಷಿನಿನ ಕಡೆ ನೋಡಿದ. "ಟೇಪಿಗೆ ತೇವ ಹಿಡಿದಿದೆ, ಒಣಗಬೇಕು," ಎಂದೆ. ತೇವ ಇರಲಿಲ್ಲ.

12 ಸೆಪ್ಟೆಂಬರ್, ಶನಿವಾರ

ಕ್ಯಾಸೆಟ್ಟನ್ನು ಗೋದಾಮಿಗೆ ತಂದು ಡ್ರಾಯರಿನಲ್ಲಿಟ್ಟೆ. ರಜೆಚೀಟಿಯ ಮೇಲೆ.

15 ಸೆಪ್ಟೆಂಬರ್, ಮಂಗಳವಾರ

ಸಂಜೆ ರುವಿಯಲ್ಲಿ ಒಂದು ಕ್ಯಾಸೆಟ್ ಅಂಗಡಿಗೆ ಹೋದೆ. ಮಲಯಾಳಿ ಯಜಮಾನ ಕ್ಯಾಸೆಟ್ಟನ್ನು ತಿರುಗಿಸಿ ನೋಡಿ, ಹಿಂಬದಿಯ ಅಂಚಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಬೆರಳಿನಲ್ಲಿ ತೋರಿಸಿದ. ಇವನ್ನು ಮುರಿದು ಬಿಡಿ, ಆಮೇಲೆ ಇದರ ಮೇಲೆ ಯಾರೂ ಏನೂ ತುಂಬಿಸಲಾಗುವುದಿಲ್ಲ, ಬೇಕಾದರೆ ಇನ್ನೊಂದು ಪ್ರತಿಯನ್ನೂ ಮಾಡಿಕೊಡುತ್ತೇನೆ, ಹತ್ತು ನಿಮಿಷದ ಕೆಲಸ ಎಂದ. ಪ್ರತಿ ಮಾಡಬೇಕಾದರೆ ಅವನು ಅದನ್ನು ಅಲ್ಲೇ ಹಾಕಿ ನೋಡಬೇಕು. ಇನ್ನೊಮ್ಮೆ ಬರುತ್ತೇನೆಂದೆ. ಮುರಿಯಲು ಸ್ಕ್ರೂಡ್ರೈವರ್ ಕೊಟ್ಟ. ಅದೂ ಇನ್ನೊಮ್ಮೆ ಆದೀತು ಎಂದೆ.

ನನ್ನ ಗೋದಾಮಿನಲ್ಲಿ ನೂರಾ ಮೂವತ್ತು ಸ್ಕ್ರೂಡ್ರೈವರ್ ಇವೆ.

18 ಸೆಪ್ಟೆಂಬರ್, ಶುಕ್ರವಾರ

ತಿಂಗಳ ಪೂಜೆ. ಪಾದ್ರಿ ಅವನ ಹೆಸರನ್ನು ಸರಿಯಾಗಿಯೇ ಹೇಳಿದರು. ಹೊರಗೆ ಬಂದಾಗ ತೆರೇಸಾ ನನ್ನ ಅಂಗಿಯ ಗುಂಡಿಯನ್ನು ಸರಿಮಾಡಿದಳು. ಒಂದು ಗುಂಡಿ ತಪ್ಪಿ ಹಾಕಿದ್ದೆ.

25 ಸೆಪ್ಟೆಂಬರ್, ಶುಕ್ರವಾರ

ಪಿಸುಮಾತು ಮುಗಿಯಿತು. ಇವತ್ತು ಜೋರು.

ಬಾಗಿಲ ಹಿಂದಿನ ಪಟ್ಟಿಯಲ್ಲಿ ಒಂದನೇ ಸ್ಥಾನ ಖಾಲಿ ಇದೆ. ಪ್ರೇಮನಾಥ ಪೆನ್ನು ಹಿಡಿದು ಎದ್ದ. ಕಪ್ ಗೆದ್ದವರು ಬಂದರಿನವರು, ಅವರೇ ಒಂದನೆಯವರು ಎಂದ. ವಾಲ್ಟರ್ ಅವನ ಕೈ ಹಿಡಿದ.

"ಕದ್ದ ಕಪ್ಪಿಗೆ ಎಂತ ಒಂದನೇ ನಂಬರ್?"

"ಕದ್ದದ್ದಾ? ರೆಫರಿ ಕೊಟ್ಟದ್ದು!"

"ರೆಫರಿ ನಿಮ್ಮ ಪ್ರಿನ್ಸಿಪಾಲರ ಭಾವ ಅಂತ ಇಡೀ ಮಂಗಳೂರಿಗೆ ಗೊತ್ತುಂಟು!"

"ನಿಮ್ಮ ಗೋಲ್‌ಕೀಪರ್ ಮೂರು ವರ್ಷ ಫೇಲಾಗಿ ಕಾಲೇಜಲ್ಲೇ ಉಳಿದದ್ದು ಯಾಕೆ ಅಂತಲೂ ಗೊತ್ತುಂಟು!"

ಕೊಗ್ಗಣ್ಣ ನಡುವೆ ಬಂದು, ಜಾರಿ ಬೀಳುವ ಶಬ್ದವೇ ಬೇರೆ, ಬೀಳಿಸಿದ ಶಬ್ದವೇ ಬೇರೆ, ಟೇಪು ಹಾಕಿದರೆ ತನಗೆ ಒಂದೇ ಸಲಕ್ಕೆ ಗೊತ್ತಾಗುತ್ತದೆ ಎಂದರು. ಮೂವರೂ ನನ್ನ ಕಡೆ ತಿರುಗಿದರು. ಇನ್ನೂ ಒಣಗಿಲ್ಲ ಎಂದೆ.

"ಎರಡು ವಾರ ಆಯ್ತಲ್ಲ ಮಾರಾಯ, ಮಸ್ಕತ್ತಲ್ಲಿ ಒಂದು ಕಂಬಳಿ ಸಹ ಅರ್ಧ ಗಂಟೆಯಲ್ಲಿ ಒಣಗ್ತದೆ," ಎಂದ ವಾಲ್ಟರ್. ಆಮೇಲೆ ತಲೆ ತಗ್ಗಿಸಿ, "ಸಾರಿ," ಎಂದ. ಊಟ ಮಾಡದೆ ಹೊರಟುಹೋದ. ಪ್ರೇಮನಾಥನೂ ಹೋದ, ಬೇರೆ ಲಿಫ್ಟಿನಲ್ಲಿ. ಕೊಗ್ಗಣ್ಣ ಒಬ್ಬರೇ ಕೂತು ಮೂವರ ಪಾಲಿನ ಮೀನು ತಿಂದರು.

ನನಗೂ ಒಂದು ಕಾಲದಲ್ಲಿ ಇದರ ಹುಚ್ಚಿತ್ತು. ಎಪ್ಪತ್ತೈದರಲ್ಲಿ ನಾನು ಅದೇ ಮೈದಾನದಲ್ಲಿ ಲೈನ್ಸ್‌ಮನ್. ಒಂದು ಆಫ್‌ಸೈಡಿಗೆ ಬಾವುಟ ಎತ್ತಿದೆ, ಸರಿಯಾಗಿಯೇ ಎತ್ತಿದೆ. ಜನ ಕೆಸರು ಎರಚಿದರು, ಕಲ್ಲು ಬಿತ್ತು. ಸ್ಟ್ಯಾನ್ಲಿ ಎಲ್ಲಿಂದಲೋ ಓಡಿ ಬಂದು ಕೊಡೆ ಬಿಡಿಸಿ ನನ್ನ ಮುಂದೆ ಅಡ್ಡ ಹಿಡಿದ. ಆ ಕೊಡೆಯ ಕೆಳಗೇ ಇಬ್ಬರೂ ಮನೆಯವರೆಗೆ ನಡೆದೆವು. ಅವನು ದಾರಿಯುದ್ದಕ್ಕೂ ನಗುತ್ತಿದ್ದ. ಅವತ್ತಿನಿಂದ ನಾನು ಯಾವ ಆಟಕ್ಕೂ ತೀರ್ಪು ಹೇಳಿಲ್ಲ.

ಇಷ್ಟುದ್ದ ಯಾಕೆ ಬರೆದೆನೋ.

4 ಅಕ್ಟೋಬರ್, ಭಾನುವಾರ

ಸ್ಟ್ಯಾನ್ಲಿಯ ಹೆಂಡತಿ ಕ್ಲೆಮೆಂಟಿನಾಳ ಪತ್ರ. ಅದರ ಎರಡು ಮಾತುಗಳನ್ನು ಇಲ್ಲಿ ಬರೆದಿಡುತ್ತೇನೆ.

'ಭಾವ, ಕಂಪನಿಯವರು ನಿಮ್ಮನ್ನು ಬಿಡಲಿಲ್ಲ ಎಂದು ಉಮಾವತಿಯ ಮನೆಯವರು ಹೇಳಿದರು. ನೀವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಪರರ ಕೈಕೆಳಗೆ ದುಡಿಯುವವರ ಪಾಡು ನಮಗೆ ಗೊತ್ತಿಲ್ಲವೇ.'

'ಅವರು ಕೊನೆಗೆ ತುಂಬಿಸಿದ ಕ್ಯಾಸೆಟ್ ನಿಮ್ಮಲ್ಲಿದೆಯಂತೆ. ಮನೆಯಲ್ಲಿ ಅವರ ದನಿ ಬೇರೆ ಎಲ್ಲೂ ಇಲ್ಲ. ಮಕ್ಕಳು ಕೇಳುತ್ತಿದ್ದಾರೆ. ನೀವೆಲ್ಲ ಕೇಳಿ ಆದ ಮೇಲೆ ಯಾರಾದರೂ ಬರುವವರ ಕೈಯಲ್ಲಿ ಕಳಿಸಿಕೊಡಿ.'

ನೊರ್ಬರ್ಟ್ ಹತ್ತನೇ ತಾರೀಕಿಗೆ ಊರಿಗೆ ಹೋಗುತ್ತಾನೆ. ಚರ್ಚಿನ ಕೊಯರಿನವನು, ನಂಬಿಕಸ್ಥ. ಅವನಿಗೆ ಹೇಳಿ ಆಯಿತು. ಅಂದರೆ ಒಂಬತ್ತಕ್ಕೆ ಶುಕ್ರವಾರ ಕೇಳಿಯೇ ಆಗಬೇಕು. ಕೇಳದೆ ಕಳಿಸಬಹುದು. ಹಾಗೆ ಕಳಿಸಿದರೆ ನಾನು ಅದನ್ನು ಮತ್ತೆಂದೂ ಕೇಳುವುದಿಲ್ಲವೆಂದು ನನಗೆ ಗೊತ್ತಿದೆ.

'ಕಂಪನಿಯವರು ಬಿಡಲಿಲ್ಲ.' ನಾನು ಯಾರಿಗೂ ಹಾಗೆ ಹೇಳಿರಲಿಲ್ಲ. ಅಲ್ಲವೆಂದೂ ಹೇಳಿರಲಿಲ್ಲ.

7 ಅಕ್ಟೋಬರ್, ಬುಧವಾರ

ವಾಲ್ಟರನಿಗೂ ಪ್ರೇಮನಾಥನಿಗೂ ಫೋನ್ ಮಾಡಿದೆ. ಶುಕ್ರವಾರ ಟೇಪು ಹಾಕುವ ಎಂದೆ. ಇಬ್ಬರೂ, ಅವನು ಬರುತ್ತಾನಾ ಎಂದು ಕೇಳಿದರು. ಬರುತ್ತಾನೆ ಎಂದು ಇಬ್ಬರಿಗೂ ಹೇಳಿದೆ.

9 ಅಕ್ಟೋಬರ್, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಎಲ್ಲರೂ ಬಂದರು. ಉಮಾವತಿಯೂ ಬಂದಳು. ಟೂ-ಇನ್-ಒನ್ನಿನ ಹೆಡ್ಡನ್ನು ಹತ್ತಿಯಲ್ಲಿ ಕೊಲೋನ್ ಹಚ್ಚಿ ಒರೆಸಿದೆ. ನಾನು ಯಾವಾಗಲೂ ಕೂರುವ ಬೆತ್ತದ ಮೋಡಾದ ಮೇಲೆ ಕೂತು, ವಾಚು ಬಿಚ್ಚಿ ಎಡಗೈಯಲ್ಲಿ ಹಿಡಿದು ಪ್ಲೇ ಒತ್ತಿದೆ.

ಮೊದಲು ಮಳೆ. ಆಮೇಲೆ ಅವನು. "ನಮಸ್ಕಾರ ಮಸ್ಕತ್ತಿನವರೇ, ಇವತ್ತು ಮೈದಾನದಲ್ಲಿ ಆಡ್ಲಿಕ್ಕೆ ಬಾಲ್ ಬೇಡ, ದೋಣಿ ಸಾಕು." ಮೂಗು ಕಟ್ಟಿತ್ತು. ನಡುನಡುವೆ ಕೆಮ್ಮುತ್ತಿದ್ದ. ಉಮಾವತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತೆರೇಸಾ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನನಗೆ ಏನೂ ಆಗಲಿಲ್ಲ. ಬ್ಯಾಟರಿ ಸರಿಯಿದೆಯಾ ಎಂದು ನೋಡಿದೆ.

ಗುಡ್ಡೆಯವರು ಮೊದಲು ಗೋಲು ಹಾಕಿದರು. ವಾಲ್ಟರ್ ಚಪ್ಪಾಳೆ ತಟ್ಟಲಿಲ್ಲ. ಬಂದರಿನವರು ಸಮ ಮಾಡಿದರು. ಪ್ರೇಮನಾಥ ಅಲುಗಾಡಲಿಲ್ಲ. ಎರಡನೇ ಬದಿ ಹಾಕಿದೆ. ಕೊನೆಯ ಹೊತ್ತಿಗೆ ಸ್ಟ್ಯಾನ್ಲಿಯ ದನಿ ಮೇಲೇರಿತು. "ಬಂದ, ಬಂದ, ಒಳಗೆ ಬಂದ, ಬಿದ್ದ!" ಹಿಂದೆಯೇ ಹುಡುಗನ ಕೂಗು. "ವಿಸಿಲ್! ಪೆನಾಲ್ಟಿ! ಅಯ್ಯಯ್ಯೋ, ಜನ ಒಳಗೆ ನುಗ್ಗಿದ್ರು. ಜಾರಿದ್ದಾ, ಬೀಳಿಸಿದ್ದಾ? ನಾನು ಹೇಳುದಿಲ್ಲ. ಈಗ ಮಸ್ಕತ್ತಿನವರು ಹೇಳಿ."

ಆಮೇಲೆ ಅಂಗೈ ಮುಚ್ಚಿದ ಸದ್ದು. ನಾನು ನಿಲ್ಲಿಸಿದೆ.

ಜಗಳ ಏಳಲಿಲ್ಲ. ಆರು ವಾರದಿಂದ ಇದಕ್ಕಾಗಿಯೇ ಕಾದವರು. ಕೊನೆಗೆ ವಾಲ್ಟರ್ ನೆಲ ನೋಡುತ್ತ, "ಪೆನಾಲ್ಟಿಯೇ ಇರ್ಬೇಕು, ಬಿಡು," ಎಂದ.

ಪ್ರೇಮನಾಥ ಗಾಬರಿಯಾದ. "ಇಲ್ಲ ಇಲ್ಲ. ಜಾರಿದ್ದೇ ಅಂತ ಕಾಣ್ತದೆ ನನಗೆ."

"ನೀನು ಸುಮ್ಮನಿರು, ನಿಮ್ಮ ಹುಡುಗನನ್ನು ಬೀಳಿಸಿದ್ದು."

"ಅಲ್ಲ ವಾಲ್ಟರ್, ಅವ ಮೊದಲೇ ನಾಟಕದವ."

ಕೊಗ್ಗಣ್ಣನಿಗೆ ಸಿಟ್ಟು ಬಂತು. "ಇದೆಂತದು, ಒಬ್ಬರಿಗೊಬ್ಬರು ಬಾಳೆಹಣ್ಣು ಕೊಟ್ಟ ಹಾಗೆ? ಅವ ಮಳೆಯಲ್ಲಿ ನಿಂತು, ಜ್ವರ ಬರ್ಸಿಕೊಂಡು ನಿಮಗೆ ಒಂದು ನಿಮಿಷ ಬಿಟ್ಟಿದ್ದಾನೆ. ಅದನ್ನು ಖಾಲಿ ಕಳಿಸ್ಲಿಕ್ಕೆ ಆಗ್ತದಾ? ಒತ್ತು ಪಿಯುಸ್. ವಾಲ್ಟರ್, ಹೇಳು."

ನಾನು ಒತ್ತಿದೆ. ಒಂಬತ್ತು ವರ್ಷದ ರೂಢಿ, ಕೊಗ್ಗಣ್ಣ ಹೇಳಿದರು, ಬೆರಳು ಒತ್ತಿತು. ವಾಲ್ಟರ್ ಬಾಯಿ ತೆರೆದ. ವಾಚಿನಲ್ಲಿ ಐದು ಸೆಕೆಂಡು, ಹತ್ತು, ಹದಿನೈದು. ಟೇಪು ತಿರುಗುತ್ತಿತ್ತು. ವಾಲ್ಟರ್ ಕೈಯಲ್ಲಿ ಮುಖ ಮುಚ್ಚಿಕೊಂಡ.

ಹಾಗಾಗಿ ನಾನು ಹೇಳಿದೆ. ಹೇಳಬೇಕೆಂದು ಎಣಿಸಿರಲಿಲ್ಲ.

"ಪೆನಾಲ್ಟಿ ಅಲ್ಲ, ಸ್ಟ್ಯಾನ್ಲಿ," ಎಂದೆ. "ಜಾರಿದ್ದು. ಕಾಲು ಕೊಟ್ಟರೆ ಮೊದಲು ಕೂಗ್ತಾರೆ, ಮತ್ತೆ ಬೀಳ್ತಾರೆ. ಅವ ಬಿದ್ದ ಮೇಲೆ ಕೂಗಿದ. ನಾನು ಲೈನಲ್ಲಿ ಇದ್ದಿದ್ರೆ ಬಾವುಟ ಅಡ್ಡ ಆಡಿಸ್ತಿದ್ದೆ. ಕಲ್ಲು ಬಿದ್ರೂ ಅಡ್ಡಿಲ್ಲ, ನೀನು ಕೊಡೆ ಹಿಡ್ಕೊಂಡು ಅಲ್ಲೇ ಇದ್ದೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನನಗೆ ರಜೆ ಸಿಕ್ಕಿತ್ತು. ಕಂಪನಿಯವರು ಬಿಟ್ಟಿದ್ರು. ಮೂರನೇ ದಿನ ಚೀಟಿ ಕೈಗೆ ಬಂತು, ನಾನು ಡ್ರಾಯರಿಗೆ ಹಾಕಿದೆ. ಮಣ್ಣಾಗಿದೆ, ಇನ್ನು ಹೋಗಿ ಎಂತ ಮಾಡುದು ಅಂತ ನನಗೆ ನಾನೇ ಹೇಳಿದೆ. ಅದು ಸುಳ್ಳು. ಹೆದರಿದೆ. ನೀನಿಲ್ಲದ ಮನೆಗೆ ಹೇಗೆ ಹೋಗುದು? ಕ್ಲೆಮೆಂಟಿನಾ, ನಿನಗೆ ಸುಳ್ಳು ಹೇಳಿದ ಹಾಗೆ ಆಯ್ತು. ಮಕ್ಕಳೇ, ನಿಮ್ಮ ದೊಡ್ಡಪ್ಪ ಬರಬಹುದಿತ್ತು, ಬರಲಿಲ್ಲ."

ಮುಂದೇನು ಹೇಳಿದೆನೋ ನೆನಪಿಲ್ಲ. ತೆರೇಸಾ ಓಡಿ ಬಂದು ಸ್ಟಾಪ್ ಒತ್ತಿದಳು.

ಪ್ರೇಮನಾಥ ತನ್ನ ವಾಚು ನೋಡುತ್ತಿದ್ದ. "ನಿಮಿಷದ ಮೇಲೆ ಹನ್ನೊಂದು ಸೆಕೆಂಡು," ಎಂದ. ಹೇಳಿದ ಮೇಲೆಯೇ ಅವನಿಗೆ ಅದರ ಅರ್ಥವಾದದ್ದು. ನಿಮಿಷ ಮುಗಿದ ಕೂಡಲೇ ಸ್ಟ್ಯಾನ್ಲಿ ಮಾತು ಸುರು ಮಾಡುತ್ತಾನೆ. ಹನ್ನೊಂದು ಸೆಕೆಂಡು ನಾನು ಅವನ ಮಾತಿನ ಮೇಲೆ ಮಾತಾಡಿದ್ದೆ. ಅಳಿಸಿದ್ದೆ. ಯಾವಾಗಲೂ ನಿಲ್ಲಿಸುತ್ತಿದ್ದವನು ನಾನೇ, ವಾಚು ನನ್ನ ಕೈಯಲ್ಲೇ ಇತ್ತು. ಆ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಮುರಿದಿದ್ದರೆ ಆಗುತ್ತಿತ್ತು.

"ಹಾಕಿ ನೋಡುವ," ಎಂದರು ಕೊಗ್ಗಣ್ಣ. ಆಗಸ್ಟಿನ ಆ ಶುಕ್ರವಾರಕ್ಕಿಂತಲೂ ಮೆಲ್ಲನೆ.

ತೆರೇಸಾ ಪ್ಲೇ ಒತ್ತಿದಳು. ಟಕ್ ಎಂದು ಒಂದು ಸದ್ದು. ಆಮೇಲೆ ಮಳೆ, ಜನರ ಕೂಗು, ಅದರ ನಡುವಿನಿಂದ ಸ್ಟ್ಯಾನ್ಲಿ, ಮೂಗು ಕಟ್ಟಿದ ದನಿಯಲ್ಲಿ:

"...ನನಗೆ ಗೊತ್ತುಂಟು. ಸರಿ, ಆಟ ನೋಡುವ."

ಈ ಸಲ ಯಾರೂ ನನ್ನ ಕಡೆ ನೋಡಿ ನಗಲಿಲ್ಲ. ನಾನೇ ಏನೋ ಸದ್ದು ಮಾಡಿದೆ. ನಗು ಎಂದುಕೊಂಡೆ. ಆದರೆ ತೆರೇಸಾ ಬಂದು ನನ್ನ ತಲೆಯನ್ನು ಅವಳ ಹೊಟ್ಟೆಗೆ ಒತ್ತಿ ಹಿಡಿದಳು, ಎಲ್ಲರ ಎದುರಿಗೇ. ಅವಳ ಸೀರೆ ಒದ್ದೆಯಾಯಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಟೇಪು ತನ್ನ ಪಾಡಿಗೆ ಓಡುತ್ತಿತ್ತು, ಪೆನಾಲ್ಟಿ ಹೊಡೆದರು, ಗೋಲಾಯಿತು, ಸ್ಟ್ಯಾನ್ಲಿ ಕೂಗಿದ, ಕೆಮ್ಮಿದ, ಎಲ್ಲರಿಗೂ ಮತ್ತೆ ನಮಸ್ಕಾರ ಹೇಳಿದ.

ಟೇಪು ಮುಗಿದ ಮೇಲೆ ವಾಲ್ಟರ್ ಮೂಗು ಒರೆಸಿಕೊಂಡು ಅಡುಗೆಮನೆ ಬಾಗಿಲಿಗೆ ಹೋದ. ಒಂದನೇ ಜಾಗದಲ್ಲಿ 'ಗುಡ್ಡೆ' ಎಂದು ಬರೆದ. "ತೀರ್ಪು ಆಯ್ತಲ್ಲ. ರೆಕಾರ್ಡಲ್ಲೇ ಉಂಟು," ಎಂದ.

"ಹಾಗಾದ್ರೆ ಕಪ್ ವಾಪಸ್ ಕೊಡ್ಬೇಕಾ ನಾವು?" ಎಂದ ಪ್ರೇಮನಾಥ.

"ಕೊಡಿ! ಯಾರು ಬೇಡ ಹೇಳಿದ್ದು?"

ಅರ್ಧ ಗಂಟೆಯಲ್ಲಿ ಕೆಳಗಿನ ಮನೆಯವರು ಕಂಬಿಗೆ ಬಡಿಯುವಷ್ಟು ಜಗಳ. ಎಲ್ಲರೂ ಊಟ ಮಾಡಿಯೇ ಹೋದರು. ರಜೆಚೀಟಿಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಹೋಗುವಾಗ ವಾಲ್ಟರ್ ನನ್ನ ಹೆಗಲ ಮೇಲೆ ಕೈಯಿಟ್ಟ. ಮೀನಿನ ಸಾರಿಗೆ ಇವತ್ತು ಉಪ್ಪು ತುಸು ಜಾಸ್ತಿಯಾಗಿತ್ತು. ತೆರೇಸಾಳಿಗೆ ಹೇಳಿದೆ. ಅವಳು ಯಾಕೋ ನಕ್ಕಳು.

10 ಅಕ್ಟೋಬರ್, ಶನಿವಾರ

ಕ್ಯಾಸೆಟ್ಟಿನ ಆ ಎರಡು ತುಂಡುಗಳನ್ನು ಬೆಳಿಗ್ಗೆ ಮುರಿದೆ. ಗೋದಾಮಿನ ಸ್ಕ್ರೂಡ್ರೈವರಿನಲ್ಲಿ ಒಂದು ಕ್ಷಣದ ಕೆಲಸ.

ಹನ್ನೆರಡಕ್ಕೆ ನೊರ್ಬರ್ಟ್ ಬಂದ, ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ. "ಎಲ್ಲಿ ಕ್ಯಾಸೆಟ್? ಯಲ್ಲಾ, ತಡ ಆಗ್ತದೆ," ಎಂದ. ಕೊಡಲು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. "ಬೇಡ ನೊರ್ಬರ್ಟ್, ನಾನೇ ತಗೊಂಡು ಹೋಗ್ತೇನೆ. ಕ್ಲೆಮೆಂಟಿನಾಳಿಗೆ ಹಾಗೆ ಹೇಳು," ಎಂದೆ. ಅವನು ಮೂರು ಕಿಲೋಮೀಟರ್ ಸುತ್ತಿ ಬಂದಿದ್ದ, ಸ್ವಲ್ಪ ಗೊಣಗಿದ.

ನವೆಂಬರ್ ಎರಡಕ್ಕೆ ಸತ್ತವರ ದಿನ. ಊರಿನಲ್ಲಿ ಸಿಮಿತ್ರಿಗೆ ಹೋಗಿ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತಾರೆ. ಅಷ್ಟರಲ್ಲಿ ಮುಟ್ಟಬಹುದು.

ಡ್ರಾಯರಿನಿಂದ ಹಳೆಯ ಚೀಟಿಯನ್ನು ತೆಗೆದು ಮೈಮುನಾಳ ಹತ್ತಿರ ಹೋದೆ. ಅದರ ದಿನ ಕಳೆದಿದೆ, ಹೊಸದು ಬರೆಯಬೇಕು ಎಂದಳು. ಅಲ್ಲೇ ನಿಂತು ಬರೆದೆ. ಕಾರಣ ಎಂಬಲ್ಲಿ ಹಳೆಯದರಲ್ಲಿ 'ತಮ್ಮನ ಸಾವು' ಎಂದಿತ್ತು. ಹೊಸದರಲ್ಲಿ 'ತಮ್ಮನನ್ನು ನೋಡಲು' ಎಂದು ಬರೆದೆ.

ಮೈಮುನಾ ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಳು. ತಿದ್ದಲು ಹೇಳುತ್ತಾಳೆಂದು ಕಾದೆ. ಅವಳು ಸೀಲು ಒತ್ತಿದಳು.